ಸೋಮವಾರದ ಫ್ರೈಡೇ ಕ್ಲಾಸ್

ಸೋಮವಾರ ಮಧ್ಯಾಹ್ನ ನನಗೆ ನಿದ್ದೆ ಬರುವುದಿಲ್ಲ. ವಾರದ ಉಳಿದ ದಿನಗಳಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲೇ ಕಣ್ಣು ಎಳೆಯುತ್ತದೆ, ಓದುತ್ತಿದ್ದ ಪೇಪರು ಮುಖದ ಮೇಲೆ ಬೀಳುತ್ತದೆ, ಮತ್ತೆ ಎಚ್ಚರವಾಗುವುದು ಕಾಫಿಯ ವಾಸನೆಗೇ. ಸೋಮವಾರ ಮಾತ್ರ ಹಾಗಲ್ಲ. ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತೇನೆ. ಬೆರಳುಗಳು ಹೊದಿಕೆಯ ಅಂಚಿನ ಮೇಲೆ ತಮ್ಮಷ್ಟಕ್ಕೆ ತಾವೇ ಏನನ್ನೋ ಬಾರಿಸುತ್ತಿರುತ್ತವೆ. ಒಮ್ಮೆ ಸೊಸೆ ಬಾಗಿಲಲ್ಲಿ ನಿಂತು ಇದನ್ನು ನೋಡಿ ಗಾಬರಿಯಾದಳು.

"ಅತ್ತೆ, ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡ್ರಿ ತಾನೆ?"

"ತಗೊಂಡೆನಮ್ಮ. ಇದು ಬಿ.ಪಿ. ಅಲ್ಲ, ಫ್ರೈಡೇ ಕ್ಲಾಸು" ಎಂದೆ.

ಅವಳು ಗೋಡೆಯ ಕ್ಯಾಲೆಂಡರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಸದ್ದಿಲ್ಲದೆ ಆಚೆ ಹೋಗಿ ನನ್ನ ಮಗನಿಗೆ ಫೋನ್ ಮಾಡಿದಳು.

ಪಾಪ, ಅವಳ ತಪ್ಪಲ್ಲ. ಫ್ರೈಡೇ ಕ್ಲಾಸು ಸೋಮವಾರ ನಡೆಯುತ್ತಿದ್ದ ಸ್ಕೂಲೊಂದು ಈ ಲೋಕದಲ್ಲಿತ್ತು ಎಂದರೆ ಯಾರು ನಂಬುತ್ತಾರೆ? ನೀವಾದರೂ ಸ್ವಲ್ಪ ಹತ್ತಿರ ಕೂತುಕೊಳ್ಳಿ, ಹೇಳುತ್ತೇನೆ. ನಿಮಗೂ ನಿದ್ದೆ ಬಂದರೆ ನನಗೇನೂ ಬೇಸರವಿಲ್ಲ. ಈ ಕಥೆಯನ್ನು ಅರ್ಧ ನಿದ್ದೆಯಲ್ಲಿ ಕೇಳಿದರೇ ಚೆನ್ನ.

ಆಗ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ತಂದೆ ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್. ರೈಲ್ವೆ ಕ್ವಾರ್ಟರ್ಸಿನ ಹಿಂದೆ ಹೊಂಗೆ ಮರಗಳ ಒಂದು ಸಾಲು, ಅದರಾಚೆ ಮೂರು ಕೋಣೆಯ ಒಂದು ಹೆಂಚಿನ ಮನೆ. ಅದೇ ನಮ್ಮ ಕಾನ್ವೆಂಟು. ಮುಂದೆ ನಾನು ಮೈಸೂರಿನ ದೊಡ್ಡ ಕಾನ್ವೆಂಟಿನ ಬೋರ್ಡಿಂಗಿಗೆ ಹೋದೆ. ಪಿಯಾನೋ ಇದ್ದ ಹಾಲು, ಬಣ್ಣದ ಗಾಜಿನ ಕಿಟಕಿ, ನುಣುಪು ಮೆಟ್ಟಿಲು ಎಲ್ಲವನ್ನೂ ಕಂಡೆ. ಆದರೂ ಕನಸಿನಲ್ಲಿ ಸ್ಕೂಲು ಎಂದು ಬರುವುದು ಆ ಹೆಂಚಿನ ಮನೆಯೇ. ಅಲ್ಲಿ ಬೆಲ್ಲಿನ ಬದಲು ಕಂಬಿಯ ತುಂಡೊಂದು ಮರಕ್ಕೆ ನೇತಾಡುತ್ತಿತ್ತು. ಸ್ಟೇಷನ್ನಿನಲ್ಲೂ ಅಂಥದೇ ಒಂದು ತುಂಡು. ಎರಡರ ದನಿಯೂ ಒಂದೇ ಆದ್ದರಿಂದ ಮೈಸೂರಿನ ಗಾಡಿ ಬಂತೆಂದು ಹೊಡೆದರೆ ನಾವು ಸ್ಲೇಟು ಎತ್ತಿಟ್ಟುಕೊಂಡು ಮನೆಗೆ ಹೊರಟುಬಿಡುತ್ತಿದ್ದೆವು.

ಆ ಸ್ಕೂಲಿನ ಒಡತಿ ಸಿಸ್ಟರ್ ಮೋನಿಕಾ. ಎಲ್ಲೋ ಮಳೆಯ ದೇಶದವರು; ಉದ್ದ, ತೆಳ್ಳಗೆ, ಬಿಸಿಲಿಗೆ ಮೂಗು ಸದಾ ಕೆಂಪಗೆ. ಕನ್ನಡವನ್ನು ಧರ್ಮಗ್ರಂಥದಿಂದ ಕಲಿತಿದ್ದರು. ಹಾಗಾಗಿ ನಮ್ಮ ಮೂಗು ಒರೆಸುವಾಗಲೂ "ಎಲೈ ಕುಮಾರಿಯೇ, ನಿನ್ನ ನಾಸಿಕವನ್ನು ಶುಚಿಗೊಳಿಸು" ಎನ್ನುತ್ತಿದ್ದರು. ನಮಗೆ ಅದು ದೇವರೇ ಇಳಿದುಬಂದು ಮೂಗು ಒರೆಸಿದಂತಿರುತ್ತಿತ್ತು.

ಸಿಸ್ಟರ್‌ಗೆ ಒಂದು ಗೀಳು. ಅದರ ಹೆಸರು 'ಹೋಲ್ ಚೈಲ್ಡ್'. ಮಗುವಿನ ತಲೆ ಒಂದೇ ಸ್ಕೂಲಿಗೆ ಬಂದರೆ ಸಾಲದು, ಕೈ, ಕಾಲು, ಕಣ್ಣು, ಕಿವಿ, ಮನಸ್ಸು, ಎಲ್ಲವೂ ಬರಬೇಕು, ಇಡೀ ಮಗುವೇ ಬರಬೇಕು ಎಂಬುದು ಅವರ ವಾದ. ಅದಕ್ಕಾಗಿ ಶುಕ್ರವಾರ ಮಧ್ಯಾಹ್ನ ಪುಸ್ತಕ ಮುಟ್ಟುವ ಹಾಗಿಲ್ಲ. ಒಂದು ವಾರ ಕೆರೆಯ ಜೇಡಿಮಣ್ಣಿನಲ್ಲಿ ಹಣ್ಣು ಮಾಡುವುದು, ಇನ್ನೊಂದು ವಾರ ಮೆಂತ್ಯ ಬಿತ್ತುವುದು, ಮತ್ತೊಂದು ವಾರ ಡ್ರಿಲ್ಲು, ಹಾಡು, ಬಣ್ಣ. ಇದೇ ಫ್ರೈಡೇ ಕ್ಲಾಸ್.

ಈಗಿನ ಮಕ್ಕಳಿಗೆ ಇದೆಲ್ಲ ಮಾಮೂಲು. ನನ್ನ ಮೊಮ್ಮಗಳ ಸ್ಕೂಲಿನಲ್ಲಿ ಇಂಥವಕ್ಕೆಂದೇ ಬೇರೆ ಬೇರೆ ಟೀಚರುಗಳಿದ್ದಾರೆ, ಬೇರೆ ಬೇರೆ ಟೀ ಶರ್ಟುಗಳಿವೆ. ಆಗ ಅರಸೀಕೆರೆಯಲ್ಲಿ ಮಣ್ಣಿನಲ್ಲಿ ಆಡಲು ಮಕ್ಕಳನ್ನು ಸ್ಕೂಲಿಗೆ ಯಾಕೆ ಕಳಿಸಬೇಕು ಎಂದು ಊರಿಗೆ ಊರೇ ಕೇಳುತ್ತಿತ್ತು. ನಮ್ಮಮ್ಮನಂತೂ ನನ್ನ ಲಂಗದ ಕೆಸರು ತಿಕ್ಕುವಾಗಲೆಲ್ಲ "ಆ ಪುಣ್ಯಾತ್ಗಿತ್ತಿ ಇಡೀ ಮಗೂನ ಕೊಳೆ ಮಾಡಿ ಕಳಿಸ್ತಾಳಲ್ಲ, ಅರ್ಧ ಸಾಕಾಗಿತ್ತು" ಎನ್ನುತ್ತಿದ್ದಳು.

ನನಗೂ ಫ್ರೈಡೇ ಕ್ಲಾಸ್ ಎಂದರೆ ಆಗುತ್ತಿರಲಿಲ್ಲ. ನಾನು ಲೆಕ್ಕದಲ್ಲಿ ಫಸ್ಟು, ಇಂಗ್ಲಿಷ್ ರೀಡಿಂಗಿನಲ್ಲಿ ಫಸ್ಟು, ಸ್ಪೆಲ್ಲಿಂಗಿನಲ್ಲಿ ಫಸ್ಟು. ಆದರೆ ಕೈಕಾಲುಗಳು ಮರದವು. ನಾನು ಮಾಡಿದ ಮಣ್ಣಿನ ಮಾವಿನಹಣ್ಣನ್ನು ಸಿಸ್ಟರ್ ಬಹಳ ಹೊತ್ತು ತಿರುಗಿಸಿ ನೋಡಿ, "ವೆರಿ ನೈಸ್ ಬೂಟ್, ವತ್ಸಲಾ" ಎಂದಿದ್ದರು. ನನ್ನ ಮೆಂತ್ಯ ಮೊಳೆಯಲೇ ಇಲ್ಲ. ಡ್ರಿಲ್ಲಿನಲ್ಲಿ ಎಲ್ಲರೂ ಹಿರೇಕಲ್ ಗುಡ್ಡದ ಕಡೆ ತಿರುಗಿದರೆ ನಾನೊಬ್ಬಳು ಸ್ಟೇಷನ್ ಕಡೆ ತಿರುಗಿ, ಅವರ ಮುಖಗಳನ್ನೆಲ್ಲ ನೋಡುತ್ತ ನಿಂತಿರುತ್ತಿದ್ದೆ.

ನನ್ನ ಪಕ್ಕ ಕೂರುತ್ತಿದ್ದವಳು ಗಿರಿಜೆ. ಕೊಬ್ಬರಿ ಮಂಡಿಯ ಸಾಹುಕಾರ್ ನಂಜಪ್ಪನವರ ಮಗಳು. ದುಂಡು ಮುಖ, ಎಣ್ಣೆ ಇಳಿಯುವ ಎರಡು ಜಡೆ, ಮೈಯಿಂದ ಸದಾ ಒಣಕೊಬ್ಬರಿಯ ಸಿಹಿ ವಾಸನೆ. ಅವಳು ನನಗೆ ಪೂರಾ ಉಲ್ಟಾ. ಲೆಕ್ಕ ಎಂದರೆ ಅವಳ ಕಣ್ಣು ಕೊಳದ ನೀರಿನ ಹಾಗೆ ನಿಶ್ಚಲವಾಗಿಬಿಡುತ್ತಿತ್ತು. "ಏಳೆಂಟ್ಲ ಎಷ್ಟೇ ಗಿರಿಜಾ?" ಎಂದರೆ ನನ್ನ ಕಡೆ ನೋಡಿ ನಗುತ್ತಿದ್ದಳು, ಎಲ್ಲೋ ದೂರದಲ್ಲಿ ನಡೆಯುತ್ತಿರುವ ಸಂಗತಿಯ ಬಗ್ಗೆ ನಾನು ಕೇಳಿದೆನೇನೋ ಎಂಬಂತೆ. ಆದರೂ ಅವಳಿಗೆ ಸ್ಕೂಲೆಂದರೆ ಪ್ರಾಣ. ಬಾಗಿಲು ತೆಗೆಯುವ ಮೊದಲೇ ಬಂದು ಹೊಂಗೆಯ ಬುಡದಲ್ಲಿ ಕೂತಿರುತ್ತಿದ್ದಳು.

ಆ ವರ್ಷ ಸಿಸ್ಟರ್ ಊರಿನಿಂದ ಒಂದು ಪೆಟ್ಟಿಗೆ ಬರಬೇಕಿತ್ತು. ಅದರಲ್ಲಿ ಪುಟ್ಟ ಡ್ರಮ್ಮುಗಳು, ತಾಳಗಳು, ಟ್ರಯಾಂಗಲ್‌ಗಳು. ಮಕ್ಕಳೆಲ್ಲ ಸೇರಿ ಬಾರಿಸುವ ಪರ್ಕಷನ್ ಬ್ಯಾಂಡು. ಯುದ್ಧದಲ್ಲಿ ಪೆಟ್ಟಿಗೆ ಯಾವ ಸಮುದ್ರದ ಪಾಲಾಯಿತೋ, ಬರಲೇ ಇಲ್ಲ. ಸಿಸ್ಟರ್ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ಚಪ್ಪಾಳೆ ತಟ್ಟಿ, "ಈ ಪಟ್ಟಣದಲ್ಲಿ ನಾದವುಳ್ಳ ವಸ್ತುಗಳಿಗೆ ಕೊರತೆ ಉಂಟೇ?" ಎಂದರು. ಲೋಕೋ ಶೆಡ್ಡಿನಿಂದ ಕಬ್ಬಿಣದ ಸಲಾಕೆ ಬಗ್ಗಿಸಿ ಒಂದು ಟ್ರಯಾಂಗಲ್ ಬಂತು. ರೈತರ ಮಕ್ಕಳು ಎತ್ತಿನ ಕೊರಳ ಗಂಟೆ ತಂದರು. ಯಾರೋ ಜರಡಿಗೆ ಹುಣಸೆಬೀಜ ಹಾಕಿ ಅಲ್ಲಾಡಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ಕರಟ, ತೆಂಗಿನ ಚಿಪ್ಪು. ಒಂದಕ್ಕೊಂದು ಬೋರಲು ಹೊಡೆದರೆ ಕುದುರೆ ಓಡಿದ ಹಾಗೆ ಟಕ ಟಕ. ಅರಸೀಕೆರೆಯಲ್ಲಿ ತೆಂಗಿನ ಚಿಪ್ಪಿಗೇನು ಬರ!

ಅಲ್ಲಿ ಗಿರಿಜೆ ಬೇರೆಯೇ ಹುಡುಗಿಯಾದಳು. ಚಿಪ್ಪುಗಳ ರಾಶಿಯ ಮುಂದೆ ಕೂತು, ಒಂದೊಂದನ್ನೂ ಬೆರಳಿನಿಂದ ತಟ್ಟಿ, "ಇದು ಇದರ ಅಕ್ಕ, ಇದು ಇದರ ತಂಗಿ" ಎಂದು ಜೋಡಿ ಮಾಡಿಟ್ಟಳು. ಸಿಸ್ಟರ್ ಹಾರ್ಮೋನಿಯಂ ಮೇಲೆ ತಮ್ಮೂರ ಮಾರ್ಚಿಂಗ್ ಟ್ಯೂನ್ ನುಡಿಸಿದರೆ ಎಲ್ಲರೂ ಅಲ್ಲಲ್ಲಿ ಎಡವುತ್ತಿದ್ದೆವು. ಗಿರಿಜೆಯ ಕೈ ಮಾತ್ರ ನೀರಿನಂತೆ ಹರಿಯುತ್ತಿತ್ತು. ನನಗೆ ಟ್ರಯಾಂಗಲ್ ಕೊಟ್ಟರು. ಇಡೀ ಹಾಡಿನಲ್ಲಿ ನನ್ನ ಕೆಲಸ ಒಂದೇ, ಕೊನೆಯಲ್ಲಿ ಒಂದು ಸಲ 'ಟಿಂಗ್' ಎನ್ನಿಸುವುದು. ಅದೂ ನನ್ನ ಕೈಯಲ್ಲಿ ಸರಿಯಾಗಿ ಆಗುತ್ತಿರಲಿಲ್ಲ. ಕಡೆಗೆ ಗಿರಿಜೆ ಒಂದು ಉಪಾಯ ಹೂಡಿದಳು. ಸಮಯ ಬಂದಾಗ ನನ್ನ ಕಾಲಿನ ಹೆಬ್ಬೆರಳನ್ನು ಅವಳು ತುಳಿಯಬೇಕು, ನಾನು ಹೊಡೆಯಬೇಕು. ಹೀಗೆ ನನ್ನ ಸಂಗೀತ ವಿದ್ಯಾಭ್ಯಾಸ ಪಾದದ ಮೂಲಕ ಆಯಿತು.

ಪೇರೆಂಟ್ಸ್ ಡೇ ಬಂತು. ಹೊಂಗೆಯ ನೆರಳಲ್ಲಿ ಬೆಂಚುಗಳು. ಮುಂದಿನ ಸಾಲಿನಲ್ಲಿ ಬಿಳೀ ರುಮಾಲು ಸುತ್ತಿದ ನಂಜಪ್ಪನವರು, ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ. ಸ್ಕೂಲಿಗೆಂದು ಒಂದು ಗೊನೆ ಎಳನೀರನ್ನೂ ತಂದಿದ್ದರು. ಅವರ ಅಕ್ಕಪಕ್ಕ ಬೇರೆ ಮಂಡಿಗಳವರು. ಪರದೆ ಸರಿಯಿತು. ಎಣ್ಣೆ ಹಚ್ಚಿ ಮಿರಮಿರ ಹೊಳೆಯುತ್ತಿದ್ದ ಎರಡು ಚಿಪ್ಪುಗಳನ್ನು ಹಿಡಿದು ಗಿರಿಜೆ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಾಡು ಶುರುವಾಯಿತು.

ಸಿಸ್ಟರ್‌ಗೆ ತಿಳಿಯದಿದ್ದ ಒಂದು ಸಂಗತಿ ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ತಿಳಿದಿತ್ತು. ನಮ್ಮ ಕಡೆ ಚಿಪ್ಪು ಹಿಡಿದು ಎದುರಿಗೆ ನಿಲ್ಲುವವರು ಭಿಕ್ಷೆಗೆ ಬಂದವರು. ಮನೆಯಲ್ಲಿ ಮಕ್ಕಳು ಆಟಕ್ಕೆ ಚಿಪ್ಪು ಹಿಡಿದು ನಿಂತರೂ ಹಿರಿಯರು ಕಿತ್ತು ಬಿಸಾಡುತ್ತಿದ್ದರು. ಅಂಥದ್ದರಲ್ಲಿ ತೆಂಗಿನಿಂದಲೇ ಬಾಳುವ ಸಾಹುಕಾರರ ಮಗಳು, ತುಂಬಿದ ಸಭೆಯಲ್ಲಿ, ಎರಡು ಕೈಯಲ್ಲೂ ಚಿಪ್ಪು! ಹಿಂದಿನ ಸಾಲಿನಿಂದ ಯಾರೋ, "ಏನ್ ನಂಜಪ್ಪೋರೆ, ಮಂಡಿ ಅಷ್ಟು ಚೆನ್ನಾಗಿ ನಡೀತೈತಾ?" ಎಂದರು. ಬೆಂಚುಗಳೆಲ್ಲ ನಕ್ಕವು.

ನಂಜಪ್ಪನವರು ಎದ್ದರು. ನೆಟ್ಟಗೆ ಮುಂದಕ್ಕೆ ಬಂದು, ಮಗಳ ಕೈಯಿಂದ ಚಿಪ್ಪುಗಳನ್ನು ಬಿಡಿಸಿ ಕೆಳಗಿಟ್ಟು, "ನಡಿಯವ್ವ ಮನೆಗೆ" ಎಂದರು. ಜೋರು ಮಾಡಲಿಲ್ಲ. ಸಿಸ್ಟರ್ ಕಡೆಗೆ ತಿರುಗಿ, "ನನ್ನ ಮಗಳ ಕೈಗೆ ಚಿಪ್ಪು ಕೊಟ್ರಲ್ಲ ಸಿಸ್ಟ್ರಮ್ಮ" ಎಂದಷ್ಟೇ ಹೇಳಿ ಹೊರಟರು. ಗಂಟೆಗಳು ನಿಂತವು, ಜರಡಿ ನಿಂತಿತು. ಹೋಗುವ ಅವಸರದಲ್ಲಿ ಗಿರಿಜೆಯ ಕಾಲು ನನ್ನ ಹೆಬ್ಬೆರಳಿಗೆ ತಾಕಿತು. ನಾನು 'ಟಿಂಗ್' ಎನ್ನಿಸಿದೆ. ಆ ನಿಶ್ಶಬ್ದದಲ್ಲಿ ಅದು ಎಷ್ಟು ದೂರ ಹೋಯಿತೆಂದರೆ, ಈಗಲೂ ಎಲ್ಲೋ ಹೋಗುತ್ತಲೇ ಇದೆ ಎನಿಸುತ್ತದೆ.

ಮರುದಿನದಿಂದ ಗಿರಿಜೆ ಸ್ಕೂಲಿಗೆ ಬರಲಿಲ್ಲ. ಒಂದು ವಾರ ನೋಡಿ ಸಿಸ್ಟರ್ ತಾವೇ ಮಂಡಿಗೆ ಹೊರಟರು, ಮಾತು ತಿಳಿಯದೆ ಹೋದರೆ ಇರಲಿ ಎಂದು ನನ್ನನ್ನೂ ಕರೆದುಕೊಂಡರು. ಸಿಸ್ಟರ್‌ದು ಧರ್ಮಗ್ರಂಥದ ಕನ್ನಡ, ನಂಜಪ್ಪನವರದು ಮಂಡಿಯ ಕನ್ನಡ. ಎರಡೂ ಕನ್ನಡವೇ ಆದರೂ ನಡುವೆ ಒಂದು ಸೇತುವೆ ಬೇಕಾಗಿತ್ತು. ಆ ಸೇತುವೆಗೆ ಆಗ ಹನ್ನೊಂದು ವರ್ಷ.

ಮಂಡಿಯ ಒಳಗೆ ನಡುಮಧ್ಯಾಹ್ನವೂ ಮಬ್ಬು. ಮೇಲೆ ಬಿದಿರಿನ ಅಟ್ಟ. ಅಟ್ಟದ ತುಂಬ ಸಿಪ್ಪೆಯ ಸಮೇತ ಕಾಯಿಗಳು. ವರ್ಷದ ಹತ್ತಿರ ಅವು ಹಾಗೇ ಮಲಗಿರುತ್ತವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಇಡೀ ಉಂಡೆಯಾಗಿ, ಗಿಟುಕಾಗಿ, ಒಳಗೊಳಗೇ ಉರುಳಾಡುವ ತನಕ ಅವನ್ನು ಒಡೆಯುವುದಿಲ್ಲ. ಹಣ್ಣಾಯಿತೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲುಗಳ ನಡುವೆ, ಧೂಳಿನ ಚುಕ್ಕೆಗಳು ತೇಲುವಲ್ಲಿ, ಅಟ್ಟದ ಮೇಲೆ ಗಿರಿಜೆ ಕೂತಿದ್ದಳು. ಕಾಯಿಯನ್ನು ಕಿವಿಯ ತನಕ ಎತ್ತುತ್ತಲೂ ಇರಲಿಲ್ಲ. ತೊಡೆಯ ಮೇಲೇ ಸ್ವಲ್ಪ ಹೊರಳಿಸುವುದು, ಒಂದು ಈ ಕಡೆ, ಒಂದು ಆ ಕಡೆ. ಕಣ್ಣು ಮುಚ್ಚಿತ್ತು. ನನಗೆ ಅವಳು ನಿದ್ದೆಯಲ್ಲೇ ಈ ಕೆಲಸ ಮಾಡುತ್ತಿದ್ದಾಳೆ ಅನ್ನಿಸಿತು.

ಸಿಸ್ಟರ್ ಕೆಳಗೆ ನಿಂತು ಕೈ ಜೋಡಿಸಿದರು. "ಸಾಹುಕಾರರೇ, ಅಜ್ಞಾನದಿಂದ ತಮ್ಮ ಮನಸ್ಸನ್ನು ನೋಯಿಸಿದೆನು. ಕ್ಷಮಿಸೋಣವಾಗಲಿ."

ನಂಜಪ್ಪನವರು ನನ್ನನ್ನು ನೋಡಿದರು. "ಏನಂತಾರವ್ವ?"

"ತಪ್ಪಾಯ್ತು ಅಂತಾರೆ."

"ಅಯ್ಯೋ, ದೊಡ್ಡೋರು ಅಂಗೆಲ್ಲ ಅನ್ಬಾರ್ದು. ಕೂತ್ಕೊಳ್ಳಿ ಸಿಸ್ಟ್ರಮ್ಮ. ಆಗಿದ್ದು ಒಳ್ಳೇದಕ್ಕೇ ಆಯ್ತು" ಎಂದು ಅಟ್ಟದ ಕಡೆ ಕೈ ತೋರಿಸಿದರು. "ಇವಳ ಕಿವಿ ನೋಡಿದ್ರಾ? ನಮ್ಮಪ್ಪನಿಗಿತ್ತು ಇಂಥಾ ಕಿವಿ. ಮನೇಲೇ ಇಟ್ಕೊಂಡು ನನಗೆ ಇಷ್ಟು ದಿನ ಗೊತ್ತೇ ಆಗಿಲ್ಲ."

ಸಿಸ್ಟರ್ ಮುಖ ಅರಳಿತು. ಎಷ್ಟು ಅರಳಿತೆಂದರೆ ಬುದ್ಧಿ ಹಿಂದೆ ಬಿತ್ತು. ಈ ಕಿವಿಯನ್ನು ಮೊದಲು ಕಂಡುಕೊಂಡದ್ದು ಫ್ರೈಡೇ ಕ್ಲಾಸಿನಲ್ಲಿ, ಆಲಿಸುವ ಶಕ್ತಿ ಅಲ್ಲಿ ಹೇಗೆ ಬೆಳೆಯಿತು, ಇಡೀ ಮಗು ಎಂದರೆ ಏನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ನಾನೂ ನಿಷ್ಠೆಯಿಂದ ಕನ್ನಡದಿಂದ ಕನ್ನಡಕ್ಕೆ ದಾಟಿಸಿದೆ.

"ಅಂಗಾದ್ರೆ ನಿಮ್ಮ ಇಸ್ಕೂಲು ಕೆಲಸ ಮುಗಿಸ್ತು ಅನ್ನಿ" ಎಂದರು ನಂಜಪ್ಪನವರು, ನಿಜವಾದ ಕೃತಜ್ಞತೆಯಿಂದ. "ಲೆಕ್ಕ ಅಂತೂ ಅವಳ ತಲೆಗೆ ಹತ್ತಲ್ಲ. ಹತ್ತೋ ವಿದ್ಯೆ ಹತ್ತೈತೆ. ಇನ್ನು ಸಾಕು. ಇಡೀ ಮಗೂನ ನಿಮಗೇ ಕೊಟ್ಬಿಟ್ರೆ ನಮಗೇನು ಉಳೀತು, ನೀವೇ ಯೇಳಿ?"

ಅಟ್ಟದ ಮೇಲೆ ಕಾಯಿ ಹೊರಳುವ ಸದ್ದು ನಿಂತಿತು. ಗಿರಿಜೆ ಕಣ್ಣು ತೆರೆದು, ಎರಡು ಬಿದಿರುಗಳ ನಡುವಿನ ಸಂದಿಯಿಂದ ನಮ್ಮನ್ನು ನೋಡುತ್ತಿದ್ದಳು. ಕೈಯಲ್ಲಿದ್ದ ಕಾಯಿಯನ್ನು ಎದೆಗೆ ಒತ್ತಿಕೊಂಡಿದ್ದಳು. ಸಿಸ್ಟರ್ ಅದನ್ನು ಕಂಡರು. ವಾರಕ್ಕೆ ಒಂದು ಮಧ್ಯಾಹ್ನವಾದರೂ ಕಳಿಸಿ, ಶುಕ್ರವಾರ ಮಾತ್ರ, ಎಂದು ಬೇಡಿಕೊಂಡರು.

"ಶುಕ್ರವಾರ ಆಗಾಕಿಲ್ಲ. ಹಾರನಹಳ್ಳಿ ಕಡೆ ಗಾಡಿಗಳು ಬರೋದೇ ಅವತ್ತು. ಅಟ್ಟ ಇಳಿಸೋದು, ಏರಿಸೋದು, ತಲೆ ಕೆರೆಯೋಕೂ ಪುರಸೊತ್ತಿರಲ್ಲ."

"ಹಾಗಾದರೆ ತಮ್ಮಲ್ಲಿ ವಿಶ್ರಾಂತಿಯ ದಿನವೇ ಇಲ್ಲವೇ?"

ನಂಜಪ್ಪನವರು ರುಮಾಲು ಸರಿಮಾಡಿಕೊಂಡರು. "ಸೋಮವಾರ. ಬಸವಣ್ಣನ ದಿವಸ. ಯಾರೂ ಎತ್ತಿನ ಕೊರಳಿಗೆ ನೊಗ ಇಡಲ್ಲ. ಎತ್ತಿಲ್ಲ ಅಂದ್ರೆ ಗಾಡಿ ಇಲ್ಲ, ಗಾಡಿ ಇಲ್ಲ ಅಂದ್ರೆ ಕಾಯಿಲ್ಲ. ನಾವೂ ಅವತ್ತು ಅಟ್ಟ ಹತ್ತಲ್ಲ."

ಸಿಸ್ಟರ್ ಬೆರಳು ಮಡಚಿ ವಾರದ ದಿನಗಳನ್ನು ಎಣಿಸಿದರು. ಆಮೇಲೆ, "ಎತ್ತುಗಳಿಗೆ ದೊರೆತ ಬಿಡುವು ಕುಮಾರಿಗೂ ದೊರೆಯಲಿ. ಶುಕ್ರವಾರವನ್ನು ನಾವು ಸೋಮವಾರಕ್ಕೆ ತರುವೆವು" ಎಂದರು.

ಇದನ್ನು ದಾಟಿಸಲು ನನಗೆ ಸ್ವಲ್ಪ ಕಷ್ಟವಾಯಿತು. ನಂಜಪ್ಪನವರು ಬಹಳ ಹೊತ್ತು ನಕ್ಕು, "ಆಯ್ತು, ಆದ್ರೆ ಚಿಪ್ಪು ಮಾತ್ರ ಅವಳ ಕೈಗೆ ಕೊಡಂಗಿಲ್ಲ" ಎಂದರು. "ಕೋಲು?" ಎಂದು ಸಿಸ್ಟರ್ ಕೇಳಿದರು. "ಕೋಲಿಗೇನು, ಮೇಷ್ಟ್ರೂ ಹಿಡೀತಾರೆ. ಕೊಡಿ."

ಹೀಗೆ ಇಡೀ ಸ್ಕೂಲಿನ ಟೈಮ್ ಟೇಬಲ್ಲು ಒಬ್ಬ ಹುಡುಗಿಗಾಗಿ, ಅದಕ್ಕಿಂತ ನಿಜ ಹೇಳಬೇಕೆಂದರೆ ಅರಸೀಕೆರೆ ತಾಲ್ಲೂಕಿನ ಎತ್ತುಗಳಿಗಾಗಿ, ತಿರುವುಮುರುವಾಯಿತು. ಹೆಸರು ಬದಲಾಯಿಸಲು ಯಾರಿಗೂ ತೋಚಲಿಲ್ಲ. ಫ್ರೈಡೇ ಕ್ಲಾಸು ಎಂದೇ ಉಳಿಯಿತು. ಗಿರಿಜೆ ಕೈಯಲ್ಲಿ ಒಂದು ರೂಲರ್ ಹಿಡಿದು ನಮ್ಮೆಲ್ಲರ ಮುಂದೆ ನಿಂತು ಬ್ಯಾಂಡ್ ನಡೆಸುತ್ತಿದ್ದಳು. ಈಗ ನನ್ನ ಹೆಬ್ಬೆರಳಿಗೆ ಆರಾಮ. ಸಮಯ ಬಂದಾಗ ಅವಳು ನನ್ನ ಕಡೆ ಹುಬ್ಬೆತ್ತಿದರೆ ಸಾಕಾಗಿತ್ತು.

ಆ ಸೋಮವಾರಗಳ ಬಣ್ಣವೇ ಬೇರೆ. ಊರಿನಲ್ಲಿ ಗಾಡಿಯ ಗಡಗಡ ಇಲ್ಲ. ಎತ್ತುಗಳು ಮೈ ತೊಳೆಸಿಕೊಂಡು ಮರದ ಕೆಳಗೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಬ್ಯಾಂಡ್ ಮುಗಿದ ಮೇಲೆ ಸಿಸ್ಟರ್ ನಮ್ಮನ್ನು ಹೊಂಗೆಯಡಿ ಮಲಗಿಸಿ, "ಈಗ ಕಿವಿಗಳಿಂದ ನೋಡಿರಿ" ಎನ್ನುತ್ತಿದ್ದರು. ಕಣ್ಣು ಮುಚ್ಚಿದರೆ ಮೊದಲು ಏನೂ ಇಲ್ಲ. ಆಮೇಲೆ ಒಂದೊಂದಾಗಿ ಲೋಕ ಬರುತ್ತಿತ್ತು. ಸ್ಟೇಷನ್ನಿನಲ್ಲಿ ಎಂಜಿನ್ನು ನೀರು ಕುಡಿಯುವ ಸದ್ದು. ಯಾರೋ ದೂರದಲ್ಲಿ ಸಿಗ್ನಲ್ಲಿನ ಕೈಗಂಬ ಎಳೆದದ್ದು. ಹೊಂಗೆಯ ಹೂವು ಒಣಮಣ್ಣಿನ ಮೇಲೆ ಉದುರುವ ಸದ್ದು. ಅದಕ್ಕೂ ಸದ್ದಿದೆ, ನಂಬಿ. "ಯಾರು ಅತ್ಯಂತ ದೂರದ್ದನ್ನು ಕೇಳಿದಿರಿ?" ಎಂದು ಸಿಸ್ಟರ್ ಕೊನೆಗೆ ಕೇಳುತ್ತಿದ್ದರು. ಗಿರಿಜೆ ಹೇಳಿದ್ದೇ ಯಾವಾಗಲೂ ಎಲ್ಲಕ್ಕಿಂತ ದೂರದ್ದು. "ಬಾಣಾವರದ ಕಡೆಯಿಂದ ರೈಲು ಹೊರಟೈತೆ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಕಂಬಿಯ ತುಂಡು ಬಾರಿಸುತ್ತಿತ್ತು. ನಾನೋ, ಬಹಳ ಸಲ ನಿದ್ದೆ ಹೋಗಿರುತ್ತಿದ್ದೆ. ಆದ್ದರಿಂದಲೇ ಏನೋ, ಈಗ ಆ ಬಾಕಿಯನ್ನೆಲ್ಲ ಎಚ್ಚರವಿದ್ದು ತೀರಿಸುತ್ತಿದ್ದೇನೆ.

ಇಷ್ಟು ಸುಖವಿದ್ದರೂ ಗಿರಿಜೆ ಸುಖವಾಗಿರಲಿಲ್ಲ. ಉಳಿದ ಹುಡುಗಿಯರೆಲ್ಲ ಅವಳ ಅದೃಷ್ಟಕ್ಕೆ ಕರುಬುತ್ತಿದ್ದರು. ಲೆಕ್ಕವಿಲ್ಲ, ಗ್ರಾಮರ್ ಇಲ್ಲ, ಬರೀ ಹಾಡು, ಮಣ್ಣು, ನೆರಳು! ಆದರೆ ಅವಳಿಗೆ ಬೇಕಾಗಿದ್ದುದು ಮಂಗಳವಾರ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಹಿಂಡಿಬಿಡುತ್ತಿದ್ದಳು.

"ಆ ರೀಡರಿನಲ್ಲಿ ಹಡಗು ಮುಳುಗ್ತಿತ್ತಲ್ಲ, ಏನಾಯ್ತೇ?"

"ಒಬ್ಬ ಬದುಕ್ದ ಕಣೇ. ದ್ವೀಪ ಸಿಕ್ತು."

"ಆಮೇಲೆ?"

"ಆಮೇಲಿಂದು ನಾಳೆ."

"ನಾಳೆ ನಾನು ಅಟ್ಟದ ಮ್ಯಾಲಿರ್ತೀನಿ" ಎಂದು ಅವಳು ನಿಂತುಬಿಡುತ್ತಿದ್ದಳು. "ನಾನು ಬರೋ ದಿನ ನೀವೆಲ್ಲ ಆಟ ಆಡ್ತೀರಿ. ನಾನು ಹೋದ ಮ್ಯಾಲೆ ಇಸ್ಕೂಲು ಶುರು ಮಾಡ್ತೀರಿ. ನಾನೇನು ನೆಂಟರ ಪೈಕೀನಾ? ಅಪ್ಪನ್ನ ಕೇಳಿದ್ರೆ, ಸೋಮವಾರ ಐತಲ್ಲವ್ವ ಅಂತಾರೆ. ಮುಂದಿನ ವರ್ಷ ಅದೂ ಇರಲ್ವಂತೆ. ದೊಡ್ಡೋಳಾಗ್ತೀನಂತೆ."

ಏಳೆಂಟ್ಲ ಐವತ್ತಾರು ಎಂದು ಹೇಳಿಕೊಡಬಹುದಾಗಿತ್ತು. ಅದು ಅಂಥ ಹೊತ್ತಿನಲ್ಲಿ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ.

ಆ ಸುಗ್ಗಿಯಾದ ಮೇಲೆ ಸಿಸ್ಟರ್ ಹಳೇಬೀಡು, ಬೇಲೂರಿಗೆ ಎಕ್ಸ್‌ಕರ್ಷನ್ ಹೊರಡಿಸಿದರು. ಸೋಮವಾರವೇ. ನಂಜಪ್ಪನವರು, "ಹೆಣ್ಣುಮಕ್ಕಳ ಜೊತೆ ಗಂಡಸು ಅಂತ ಒಬ್ರು ಬ್ಯಾಡ್ವ? ಸೋಮವಾರ ಈಶ್ವರನ ದರ್ಶನವೂ ಆಯ್ತದೆ" ಎಂದು ತಾವೂ ಹೊರಟರು. ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು. ಬೆನ್ನಿಗೆ ಒಂದು ಹಂಡೆಯಂಥ ಒಲೆ ಕಟ್ಟಿಕೊಂಡು ಕೆಮ್ಮುತ್ತ ಹೋಗುತ್ತಿತ್ತು. ದಿಣ್ಣೆ ಬಂದರೆ ನಾವೆಲ್ಲ ಇಳಿದು ನಡೆಯಬೇಕು. ಬಸ್ಸು ನಮ್ಮ ಹಿಂದೆ ವಯಸ್ಸಾದ ಅಜ್ಜನ ಹಾಗೆ ಬರುತ್ತಿತ್ತು. ಸಾಹುಕಾರರು ಪಂಚೆ ಎತ್ತಿ ಕಟ್ಟಿ ಹೆಗಲು ಕೊಟ್ಟು ನೂಕಿದರು. "ಎತ್ತಿಗೆ ರಜಾ, ನನಗೆ ನೊಗ" ಎಂದು ನಗಿಸಿದರು. ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ನಮ್ಮ ಮಾತೆಲ್ಲ ಕೆಳಗಿನ ಹಸಿರು ನೀರಿಗೆ ಇಳಿದು, ಸ್ವಲ್ಪ ತಂಪಾಗಿ ಹಿಂದಕ್ಕೆ ಬರುತ್ತಿತ್ತು.

ಹಳೇಬೀಡಿನ ಗುಡಿಯ ಸುತ್ತ ಸಿಸ್ಟರ್ ನಮ್ಮನ್ನು ಸಾಲಾಗಿ ನಡೆಸಿದರು. ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಗಳ ಸಾಲು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ನಾನು ಕಲ್ಲಿನ ಆನೆಗಳನ್ನು ಎಣಿಸುತ್ತ ಹೋಗಿ ಎಲ್ಲೋ ತಪ್ಪಿಸಿಕೊಂಡೆ. ಹಿಂದೆ ನೋಡಿದರೆ ಗಿರಿಜೆ ಒಂದು ಕಡೆ ನಿಂತೇಬಿಟ್ಟಿದ್ದಳು. ಅಲ್ಲಿ ಕಲ್ಲಿನ ನರ್ತಕಿಯೊಬ್ಬಳು. ಅವಳ ಎರಡು ಬದಿಗೂ ಮದ್ದಳೆ ಬಾರಿಸುವವರು, ತಾಳದವರು. ಗಿರಿಜೆ ಅವರನ್ನು ನೋಡುತ್ತಿರಲಿಲ್ಲ. ಕೇಳುತ್ತಿದ್ದಳು. ತಲೆ ಒಂದು ಕಡೆ ವಾಲಿತ್ತು.

"ಇವರು ಹದ ತಪ್ಪಿದಾರೆ ಕಣೇ" ಎಂದಳು.

"ಯಾರು?"

"ನೋಡು, ಇವನ ಕೈ ಬಿದ್ದೈತೆ. ತಾಳದೋಳೂ ತಟ್ಟಿದಾಳೆ. ಆ ಮೂಲೆಯೋನ ಕೈ ಇನ್ನೂ ಮ್ಯಾಲೇ ಐತೆ. ತಡ ಮಾಡ್ಬಿಟ್ಟ. ನಿನ್ನ ಹಂಗೇ."

ಸಿಸ್ಟರ್ ಚಪ್ಪಾಳೆ ತಟ್ಟುವುದರಲ್ಲಿದ್ದರು. ಅಷ್ಟರಲ್ಲಿ ನಮ್ಮ ಹಿಂದಿ‌ನಿಂದ, "ಏ, ಅಂಗಲ್ಲ ಕಣವ್ವ" ಎಂದು ಕೇಳಿಸಿತು. ದರ್ಶನ ಮುಗಿಸಿಕೊಂಡು ನಂಜಪ್ಪನವರು ಬಂದಿದ್ದರು. ಕಣ್ಣು ಕಿರಿದು ಮಾಡಿ ಗೋಡೆಯನ್ನು ನೋಡುತ್ತಿದ್ದರು. "ಅವನು ತಡ ಅಲ್ಲ. ಅವನ ಪೆಟ್ಟು ಇನ್ನೂ ಬಂದಿಲ್ಲ. ಕಾಯ್ತಾ ಅವ್ನೆ."

"ಇಲ್ಲ ಅಪ್ಪಾ. ಕಾಯೋ ಕೈ ಅಷ್ಟು ಮ್ಯಾಲಕ್ಕೆ ಹೋಗಲ್ಲ. ಅದು ಹೊಡೆಯೋಕೆ ಹೊರಟ ಕೈ."

"ಲೆಕ್ಕ ಹಾಕು ಮತ್ತೆ. ಇಲ್ಲಿಗೆ ಒಂದು, ಇಲ್ಲಿಗೆ ಎರಡು, ಪೆಟ್ಟಿಲ್ಲದ ಬಿಡು ಒಂದು, ಆಮ್ಯಾಕೆ ಅವಂದು." ಸಾಹುಕಾರರು ತೊಡೆ ತಟ್ಟಿ ತೋರಿಸಿದರು.

"ಬಿಡು ಎಲ್ಲೈತೆ ಅಲ್ಲಿ? ಅವಳ ಕಾಲು ನೋಡಪ್ಪಾ, ಗೆಜ್ಜೆ ಕಾಲು ಆಗ್ಲೇ ಎದ್ದೈತೆ."

ಇಬ್ಬರೂ ಗೋಡೆಯುದ್ದಕ್ಕೂ ಹೊರಟರು. ಒಂದೊಂದು ಮದ್ದಳೆಯವನ ಮುಂದೆಯೂ ನಿಲ್ಲುವುದು, ಇವಳು ಒಂದು ಹೇಳುವುದು, ಅವರು ಇನ್ನೊಂದು ಹೇಳುವುದು. ಮಂಡಿಯಲ್ಲಿ ಮಗಳಿಗೆ 'ಅದು ತತ್ತಾ, ಇದು ಇಡು' ಎನ್ನುವುದರ ಹೊರತು ಮಾತಾಡದ ಮನುಷ್ಯ, ಬಿಸಿಲಲ್ಲಿ ರುಮಾಲು ಕಂಕುಳಿಗೆ ಇಟ್ಟುಕೊಂಡು, ಕಲ್ಲಿನ ಹೆಂಗಸಿನ ಹಾಗೆ ಒಂದು ಕಾಲೆತ್ತಿ ನಿಂತು ತಾಳ ಹಾಕುತ್ತಿದ್ದರು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಮ್ಮನಾದ. ಬೇಲೂರು ಸೇರುವಾಗ ಹೊತ್ತು ಇಳಿದಿತ್ತು. ಬೇಲೂರಿನ ಮದನಿಕೆಯರನ್ನು ನೋಡಿದ್ದೀರಾ ಎಂದು ಜನ ನನ್ನನ್ನು ಕೇಳುತ್ತಾರೆ. ನೋಡಿದ್ದೇನೆ, ಆದರೆ ನೆನಪಿರುವುದು, ಆ ಚೆಲುವೆಯರ ಕೆಳಗೆ ಕತ್ತೆತ್ತಿಕೊಂಡು ಜಗಳವಾಡುತ್ತಿದ್ದ ಅಪ್ಪ, ಮಗಳು ಇಬ್ಬರೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಒರಗಿ ತೂಗುತ್ತಿದ್ದರು. ಗಿರಿಜೆ ನನ್ನ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಮುಂದಿನ ಸೀಟಿನಲ್ಲಿ ನಂಜಪ್ಪನವರು ಇನ್ನೂ ತೊಡೆಯ ಮೇಲೆ ಬೆರಳು ಮಡಚುತ್ತಿದ್ದರು. ಒಮ್ಮೆಲೇ ಸಿಸ್ಟರ್ ಕಡೆ ತಿರುಗಿದರು.

"ಸಿಸ್ಟ್ರಮ್ಮ, ಇವಳಿಗೆ ಲೆಕ್ಕ ಬರಲ್ಲ. ಅದಕ್ಕೇ ನಾನು ಹೇಳಿದ್ದು ಒಪ್ತಾ ಇಲ್ಲ."

"ಅದು ಸತ್ಯವೇ, ಸಾಹುಕಾರರೇ" ಎಂದರು ಸಿಸ್ಟರ್, ಬಹಳ ಮೆಲ್ಲಗೆ. ಕಿಟಕಿಯ ಆಚೆಗೆ ನೋಡುತ್ತಿದ್ದರು.

"ಲೆಕ್ಕ ಯಾವತ್ತು ಹೇಳ್ಕೊಡ್ತೀರಿ?"

ಸಿಸ್ಟರ್ ನನ್ನನ್ನು ನೋಡಿದರು. ಸೇತುವೆಯ ಕೆಲಸ ಇನ್ನೂ ಮುಗಿದಿರಲಿಲ್ಲ. "ಮಂಗಳವಾರ" ಎಂದೆ. "ಬುಧವಾರಾನೂ ಐತೆ. ಗುರುವಾರಾನೂ."

"ನಾಳೆಯಿಂದ ಕಳಿಸ್ತೀನಿ. ಅಟ್ಟ ಸಂಜೆ ಬಂದು ನೋಡ್ಕೊಳ್ಳಲಿ. ನೀವು ಲೆಕ್ಕ ಕಲಿಸಿ. ಆಮ್ಯಾಲೆ ನೋಡ್ತೀನಿ, ಯಾವ ಬಾಯಲ್ಲಿ ನನ್ನ ಹತ್ರ ವಾದ ಮಾಡ್ತಾಳೆ ಅಂತ."

ಗಿರಿಜೆಯ ಊದಿದ ಮುಖ ಹಾಗೇ ಇತ್ತು. ಕತ್ತಲಲ್ಲಿ ಅವಳ ಕೈ ಮಾತ್ರ ನನ್ನ ಕೈಯನ್ನು ಹುಡುಕಿ, ಮುರಿದುಹೋಗುವಷ್ಟು ಗಟ್ಟಿಯಾಗಿ ಹಿಡಿಯಿತು.

ಮರುದಿನ ಮಂಗಳವಾರ. ಬೆಳಿಗ್ಗೆ ನಾನು ಹೋದಾಗ ಅವಳು ನನ್ನ ಪಕ್ಕದ ಜಾಗದಲ್ಲಿ ಕೂತಾಗಿತ್ತು. ಜಡೆಯಿಂದ ಎಣ್ಣೆ ಇಳಿಯುತ್ತಿತ್ತು. ಸಿಸ್ಟರ್ ಬಂದರು. ಬೋರ್ಡಿನ ತುಂಬ ಒಂದು ಭಾಗಾಕಾರ ಬರೆದು, "ಆರಂಭಿಸಿರಿ" ಎಂದರು. ಕ್ಲಾಸಿನಲ್ಲಿ ಬಳಪಗಳು ಕಿರುಗುಡತೊಡಗಿದವು. ಗಿರಿಜೆ ಬೋರ್ಡನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ವತ್ಸಲಾ, ಮಂಗಳವಾರ ಪೂರ್ತಿ ಹಿಂಗೇನಾ?" ಎಂದು ಪಿಸುಗುಟ್ಟಿದಳು.

"ಹ್ಞೂಂ."

"ಬುಧವಾರ?"

"ಬುಧವಾರ ಲೆಕ್ಕ ಆದ್ಮೇಲೆ ಗ್ರಾಮರ್."

ಅವಳು ದೊಡ್ಡದೊಂದು ಉಸಿರು ಬಿಟ್ಟಳು. "ಇದಕ್ಕಾ ನಾನು ಅಪ್ಪನ ಜೊತೆ ಊರೂರಲ್ಲಿ ನಿಂತು ಅಷ್ಟು ಜಗಳ ಆಡಿದ್ದು?" ಎಂದಳು. ಆಮೇಲೆ, ಯಾವ ಸೋಮವಾರವೂ ನಾನು ಕಂಡಿರದ ಒಂದು ನಗೆಯನ್ನು ನಗುತ್ತ, ನನ್ನ ಸ್ಲೇಟನ್ನು ಇಬ್ಬರ ಮಧ್ಯಕ್ಕೆ ಎಳೆದುಕೊಂಡಳು.